ಮಳೆಯ ಸೀಮೆಯಿಂದ ಹಿಮದ ಸೀಮೆಗೆ

ಬಾಳೂರು ಹೋಬಳಿಯ ಶಾಲೆಗೆ ಬಯಲುಸೀಮೆಯಿಂದ ವರ್ಗವಾಗಿ ಬರುವ ಉಪಾಧ್ಯಾಯರೊಬ್ಬರನ್ನು ಊಹಿಸಿಕೊಳ್ಳಿ. ಜೂನ್ ತಿಂಗಳು. ಕೊಟ್ಟಿಗೆಹಾರದಲ್ಲಿ ಬಸ್ಸಿನಿಂದ ಇಳಿದಾಗ ಅವರ ಕೈಯಲ್ಲಿ ಮಡಿಸುವ ಪೇಟೆ ಕೊಡೆ, ಕಾಲಲ್ಲಿ ಚರ್ಮದ ಚಪ್ಪಲಿ. ವಾರ ಕಳೆಯುವುದರೊಳಗೆ ಗಾಳಿಗೆ ಕೊಡೆಯ ಕಡ್ಡಿಗಳು ಮುರಿಯುತ್ತವೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಕಾಲಿಗೆ ಇಂಬಳ ಹತ್ತುತ್ತದೆ. ಒಗೆದ ಅಂಗಿ ನಾಲ್ಕು ದಿನವಾದರೂ ಒಣಗುವುದಿಲ್ಲ. ಇಲ್ಲಿ ಮನೆಗಳೆಲ್ಲ ದೂರ ದೂರ, ಜನರ ಮಾತು ಕಡಿಮೆ, ಸಂಜೆಯಾದರೆ ಯಾರೂ ಹೊರಗೆ ಕಾಣುವುದಿಲ್ಲ ಎಂದು ಅವರು ಫೋನಿನಲ್ಲಿ ಮನೆಯವರಿಗೆ ಹೇಳಿಕೊಳ್ಳುತ್ತಾರೆ. ಮುಂದಿನ ವರ್ಷದ ಮೇ ತಿಂಗಳ ಹೊತ್ತಿಗೆ ಅದೇ ಉಪಾಧ್ಯಾಯರು ಸೌದೆ ಒಟ್ಟಿಸಿ ತಾಡಪಾಲು ಹೊದಿಸಿರುತ್ತಾರೆ, ಗಂಬೂಟು ಕೊಂಡಿರುತ್ತಾರೆ, ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸಲು ಹಗ್ಗ ಕಟ್ಟಿರುತ್ತಾರೆ. ಇದನ್ನು ಅವರಿಗೆ ಯಾರೂ ಪಾಠವಾಗಿ ಹೇಳಿಕೊಡಲಿಲ್ಲ. ನೆರೆಯವರು ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂಬುದನ್ನು ನೋಡಿ ಕಲಿತರು.

ಈಗ ಆ ಉಪಾಧ್ಯಾಯರ ಸ್ಥಾನದಲ್ಲಿ ನಿಮ್ಮನ್ನೇ ಇಟ್ಟು ನೋಡಿ. ನೀವು ಹೊರಟಿರುವುದು ಅಮೆರಿಕದ ನಡುಭಾಗಕ್ಕೆ. ಒಹಾಯೊ, ಇಂಡಿಯಾನ, ಇಲಿನಾಯ್, ಮಿಷಿಗನ್, ವಿಸ್ಕಾನ್ಸಿನ್, ಮಿನ್ನೆಸೋಟ, ಅಯೋವ, ಮಿಸ್ಸೂರಿ, ಉತ್ತರ ಮತ್ತು ದಕ್ಷಿಣ ಡಕೋಟ, ನೆಬ್ರಾಸ್ಕ, ಕ್ಯಾನ್ಸಸ್ ಎಂಬ 12 ರಾಜ್ಯಗಳನ್ನು ಅಲ್ಲಿನ ಜನಗಣತಿ ಇಲಾಖೆ ಒಟ್ಟಾಗಿ ಮಿಡ್‌ವೆಸ್ಟ್ ಎಂದು ಗುರುತಿಸುತ್ತದೆ. ಚಲನಚಿತ್ರಗಳಲ್ಲಿ ನಾವು ಕಾಣುವ ಅಮೆರಿಕ ಹೆಚ್ಚಾಗಿ ನ್ಯೂಯಾರ್ಕ್ ಅಥವಾ ಕ್ಯಾಲಿಫೋರ್ನಿಯ. ಓದಲು ಹೋಗುವ ಅನೇಕರಿಗೆ ದೊರೆಯುವುದು ಮಾತ್ರ ಈ ನಡುನಾಡಿನ ಒಂದು ಸಣ್ಣ ಊರು. ಅದಕ್ಕೆ ಕಾರಣವಿದೆ. 1862ರಲ್ಲಿ ಅಧ್ಯಕ್ಷ ಲಿಂಕನ್ ಅಂಕಿತ ಹಾಕಿದ ಮಾರಿಲ್ ಕಾಯಿದೆ, ರಾಜ್ಯಗಳಿಗೆ ಸರ್ಕಾರಿ ಭೂಮಿ ಕೊಟ್ಟು, ಅದನ್ನು ಮಾರಿದ ಹಣದಿಂದ ವ್ಯವಸಾಯ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳನ್ನು ನಡೆಸಲು ಅವಕಾಶ ಮಾಡಿತು. ಅಯೋವ ಸ್ಟೇಟ್, ಪರ್ಡ್ಯೂ, ಇಲಿನಾಯ್, ವಿಸ್ಕಾನ್ಸಿನ್, ಮಿನ್ನೆಸೋಟ ವಿಶ್ವವಿದ್ಯಾಲಯಗಳು ಬೆಳೆದದ್ದು ಈ ಕಾಯಿದೆಯ ಬಲದಿಂದ. ಸ್ವತಂತ್ರ ಭಾರತದ ಕೃಷಿ ವಿಶ್ವವಿದ್ಯಾಲಯಗಳಿಗೂ ಇದೇ ಮಾದರಿ. 1964ರಲ್ಲಿ ಆರಂಭವಾದ ಬೆಂಗಳೂರಿನದೂ ಇದಕ್ಕೆ ಹೊರತಲ್ಲ. ಹಾಗಾಗಿ ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದಿದವರಿಗೆ ಅಲ್ಲಿನ ಪಾಠಕ್ರಮ ತೀರ ಅಪರಿಚಿತವೆನಿಸದು. ಅಪರಿಚಿತವೆನಿಸುವುದು ಪಾಠದ ಹೊರಗಿನ ಬದುಕು.

ಮೊದಲ ವ್ಯತ್ಯಾಸ ಕಣ್ಣಿಗೇ ತಿಳಿಯುತ್ತದೆ. ನಮ್ಮಲ್ಲಿ ರಸ್ತೆ ಗುಡ್ಡ ಹೇಳಿದ ಹಾಗೆ ಕೇಳುತ್ತದೆ. ಅಲ್ಲಿ ಗುಡ್ಡವೇ ಅಪರೂಪ. 1785ರ ಭೂಶಾಸನ ಆ ಸೀಮೆಯ ಬಹುಭಾಗವನ್ನು ಮೈಲಿ ಉದ್ದ, ಮೈಲಿ ಅಗಲದ 640 ಎಕರೆ ಚೌಕಗಳಾಗಿ ಅಳೆಯಿಸಿತು. ಹಳ್ಳಿಗಾಡಿನ ರಸ್ತೆಗಳು ಇಂದಿಗೂ ಹೆಚ್ಚಾಗಿ ಆ ಗೆರೆಗಳ ಮೇಲೇ ಇವೆ. ಬಾಳೂರಿನಲ್ಲಿ ದಾರಿ ಕೇಳಿದರೆ "ಹಳ್ಳ ದಾಟಿ ಮೇಲೆ ಹತ್ತಿ, ಹಲಸಿನ ಮರದ ಹತ್ತಿರ ಕೆಳಗಿಳಿಯಿರಿ" ಎನ್ನುತ್ತಾರೆ. ಅಯೋವದ ರೈತ "ಎರಡು ಮೈಲಿ ಉತ್ತರಕ್ಕೆ ಹೋಗಿ, ಆಮೇಲೆ ಪೂರ್ವಕ್ಕೆ ತಿರುಗಿ" ಎನ್ನುತ್ತಾನೆ. ಮೆಕ್ಕೆಜೋಳ ಮತ್ತು ಸೋಯಾ ಹೊಲಗಳ ನಡುವೆ ದಿಕ್ಕು ತಿಳಿಯದವನಿಗೆ ದಾರಿಯೂ ತಿಳಿಯದು. ಸಣ್ಣ ಊರುಗಳಲ್ಲಿ ಬಸ್ಸುಗಳು ಕಡಿಮೆ. ಮನೆ ಹಿಡಿಯುವ ಮೊದಲು ಬಾಡಿಗೆಯನ್ನಷ್ಟೇ ಅಲ್ಲ, ಭಾನುವಾರ ಬಸ್ಸು ಉಂಟೇ ಎಂಬುದನ್ನೂ ವಿಚಾರಿಸಿಕೊಳ್ಳಿ.

ಆದರೆ ಆ ಸೀಮೆಯ ನಿಜವಾದ ಯಜಮಾನ ಚಳಿಗಾಲ. 2019ರ ಜನವರಿ 30ರಂದು ಷಿಕಾಗೊದಲ್ಲಿ ಉಷ್ಣಾಂಶ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಸೊನ್ನೆಗಿಂತ 23 ಡಿಗ್ರಿ ಕೆಳಗಿಳಿಯಿತು; ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಅದು ಸುಮಾರು ಮೈನಸ್ 30. ಪ್ರತಿ ವರ್ಷವೂ ಇಷ್ಟಾಗುವುದಿಲ್ಲ, ನಿಜ. ಆದರೂ ಈ ಎರಡು ಲೆಕ್ಕಗಳ ಗೊಂದಲವನ್ನು ಹೊರಡುವ ಮುನ್ನವೇ ಬಗೆಹರಿಸಿಕೊಳ್ಳಬೇಕು. ಅಲ್ಲಿ ರೇಡಿಯೊ, ಟಿ.ವಿ. ಎಲ್ಲ ಫ್ಯಾರನ್‌ಹೀಟ್‌ನಲ್ಲೇ ಮಾತನಾಡುತ್ತವೆ. ನೀರು ಹೆಪ್ಪುಗಟ್ಟುವುದು 32 ಡಿಗ್ರಿಗೆ. "ಇಂದು 20 ಡಿಗ್ರಿ" ಎಂಬುದನ್ನು ಕೇಳಿ, ಅದನ್ನು ಬಾಳೂರಿನ ಜನವರಿಯ ಬೆಳಗೆಂದು ತಿಳಿದು, ಒಂದು ಸ್ವೆಟರ್ ಹಾಕಿಕೊಂಡು ಹೊರಟವರ ಕಿವಿ, ಬೆರಳುಗಳಿಗೆ ಅಪಾಯ. ಗಾಳಿ ಸೇರಿದಾಗ ಮೈಗೆ ತಟ್ಟುವ ಚಳಿ ಇನ್ನೂ ಹೆಚ್ಚು. ಹವಾ ವರದಿಯಲ್ಲಿ ವಿಂಡ್ ಚಿಲ್ ಎಂದು ಅದನ್ನು ಬೇರೆಯಾಗಿ ಹೇಳುತ್ತಾರೆ. ದಪ್ಪನೆಯ ಕೋಟನ್ನು ಬೆಂಗಳೂರಿನಲ್ಲಿ ಕೊಂಡು ಹೊತ್ತೊಯ್ಯುವುದಕ್ಕಿಂತ ಅಲ್ಲೇ ಕೊಳ್ಳುವುದು ಲೇಸು, ಏಕೆಂದರೆ ಆ ಚಳಿ ಅಲ್ಲಿನ ಅಂಗಡಿಯವರಿಗೆ ಗೊತ್ತು.

ಮಳೆಗಾಲಕ್ಕೆ ನಮ್ಮ ಮನೆಗಳು ಸಿದ್ಧವಾಗುವುದನ್ನು ನೀವು ಬಲ್ಲಿರಿ. ಸೌದೆ, ಹಪ್ಪಳ, ಉಪ್ಪಿನಕಾಯಿ, ಒಣಮೀನು ಎಲ್ಲ ಜೂನ್‌ಗೆ ಮೊದಲೇ ಒಳಗಿರಬೇಕು. ಅಲ್ಲಿಯವರು ಅಕ್ಟೋಬರ್‌ನಲ್ಲಿ ಇದನ್ನೇ ಮಾಡುತ್ತಾರೆ. ಹಿಮ ಎತ್ತುವ ಸಲಿಕೆ, ಮೆಟ್ಟಿಲಿಗೆ ಎರಚುವ ಉಪ್ಪು, ಕಾರಿನಲ್ಲಿ ಒಂದು ಕಂಬಳಿ, ಒಂದು ಟಾರ್ಚು. ನೀವಿರುವ ಮನೆಯ ಮುಂದಿನ ಕಾಲುದಾರಿಯ ಹಿಮವನ್ನು ಇಷ್ಟು ಗಂಟೆಯೊಳಗೆ ತೆಗೆಯಬೇಕೆಂದು ಅನೇಕ ಊರುಗಳಲ್ಲಿ ನಿಯಮವೇ ಇದೆ. ನೆಲಕ್ಕೆ ಅಂಟಿದ, ಕಣ್ಣಿಗೆ ಕಾಣದ ತೆಳುವಾದ ಮಂಜುಗಡ್ಡೆಯ ಮೇಲೆ ಅಂಚೆಯವನು ಜಾರಿಬಿದ್ದರೆ ಅದು ಆ ಮನೆಯವರ ಅಲಕ್ಷ್ಯವೆಂದೇ ಊರು ಭಾವಿಸುತ್ತದೆ. ಪಕ್ಕದ ಮನೆಯ ಮುದುಕಿಯ ಮೆಟ್ಟಿಲಿನ ಹಿಮವನ್ನೂ ನೀವು ಒಮ್ಮೆ ತೆಗೆದುಕೊಟ್ಟು ನೋಡಿ. ಎರಡು ತಿಂಗಳಿನಿಂದ ಕೈಬೀಸಿ ಸುಮ್ಮನಾಗುತ್ತಿದ್ದ ಆಕೆ ಅಂದು ನಿಮ್ಮ ಹೆಸರನ್ನು ಕೇಳಿ, ಎರಡು ಸಲ ಉಚ್ಚರಿಸಿ ಕಲಿತುಕೊಂಡಾಳು. ಮಾತಿನಿಂದ ಆಗದ ಪರಿಚಯ ಸಲಿಕೆಯಿಂದ ಆಗುವುದುಂಟು. ಚಳಿಗಾಲದಲ್ಲಿ ಬೂಟಿನ ಕೆಸರು ಒಳಗೆ ಬಾರದಿರಲೆಂದು ಬಾಗಿಲಲ್ಲೇ ಪಾದರಕ್ಷೆ ಬಿಡಿಸುವ ಮನೆಗಳು ಅಲ್ಲಿ ಬಹಳ. ಈ ಒಂದು ವಿಷಯದಲ್ಲಿ ನಿಮಗೆ ಹೊಸದಾಗಿ ಕಲಿಯುವುದೇನೂ ಇಲ್ಲ.

ಬೇಸಿಗೆಯ ಮೊದಲಲ್ಲಿ ಸುಂಟರಗಾಳಿಯ ಭಯ. ವಾಚ್ ಎಂದರೆ ಸುಂಟರಗಾಳಿ ಏಳುವ ಸಂಭವವಿದೆ ಎಂದು, ವಾರ್ನಿಂಗ್ ಎಂದರೆ ಅದು ಎದ್ದಿದೆ ಅಥವಾ ರೇಡಾರಿನಲ್ಲಿ ಕಂಡಿದೆ ಎಂದು ಅರ್ಥ. ಎರಡನೆಯದನ್ನು ಕೇಳಿದೊಡನೆ ನೆಲಮಾಳಿಗೆಗೆ, ಅದಿಲ್ಲದಿದ್ದರೆ ಕೆಳಅಂತಸ್ತಿನ ಕಿಟಕಿಯಿಲ್ಲದ ಒಳಕೋಣೆಗೆ ಹೋಗಬೇಕು. ಮೋಡ ನೋಡಲು ಜಗಲಿಗೆ ಬರುವ ನಮ್ಮ ಅಭ್ಯಾಸ ಅಲ್ಲಿ ಬೇಡ.

ಇನ್ನು ಮಾತಿನ ವಿಚಾರ. ಅಂಗಡಿಯಲ್ಲಿ ಹಣ ತೆಗೆದುಕೊಳ್ಳುವ ಹುಡುಗಿ "ಹೌ ಆರ್ ಯು" ಎಂದರೆ ಅದು ನಿಮ್ಮ ನೆಗಡಿಯ ವಿಚಾರಣೆಯಲ್ಲ. ನಮ್ಮಲ್ಲಿ "ಊಟ ಆಯ್ತಾ" ಎಂದವರಿಗೆ ಹುಳಿಯಲ್ಲಿ ಉಪ್ಪು ಕಡಿಮೆಯಿತ್ತೆಂದು ಯಾರೂ ವಿವರಿಸುವುದಿಲ್ಲವಷ್ಟೆ. ಹಾಗೆಯೇ ನೀವು ಮಾಡಿದ ಅಡಿಗೆಯನ್ನು ರುಚಿ ನೋಡಿ "ದಟ್ಸ್ ಡಿಫರೆಂಟ್" ಎಂದರೆ ಹಿಗ್ಗಬೇಡಿ. ಅಪ್ಪನ ಬಳಿ ಮೋಟಾರ್ ಸೈಕಲ್ ಕೇಳಿದಾಗ ಅವರು "ನೋಡೋಣ" ಎನ್ನುತ್ತಾರಲ್ಲ, ಇದು ಅದೇ ಜಾತಿಯ ಮಾತು. ನಡುನಾಡಿನವರು ಮುಖಕ್ಕೆ ಹೊಡೆದಂತೆ "ಇಲ್ಲ" ಎನ್ನುವುದು ಕಡಿಮೆ. ಮಲೆನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆಂದೇ ನನ್ನ ಎಣಿಕೆ.

ಊಟಕ್ಕೆ ಕರೆದಾಗ "ನಾನೇನು ತರಲಿ" ಎಂದು ಕೇಳುವುದು ಅಲ್ಲಿಯ ಮರ್ಯಾದೆ. ನಮ್ಮ ಕಡೆ ಕಡುಬಿನ ಊಟಕ್ಕೆ ಕರೆದ ಮನೆಗೆ ಪಲ್ಯ ಹೊತ್ತು ಹೋದರೆ ಮನೆಯಾಕೆ ನೊಂದುಕೊಂಡಾಳು. ಅಲ್ಲಿ ಪಾಟ್‌ಲಕ್ ಎಂಬ ಊಟದಲ್ಲಿ ಎಲ್ಲರೂ ಒಂದೊಂದು ಪಾತ್ರೆ ತಂದು ಹಂಚಿಕೊಳ್ಳುತ್ತಾರೆ. ಚಿತ್ರಾನ್ನ ಒಯ್ಯಿರಿ, ಹಸಿಮೆಣಸನ್ನು ಅರ್ಧಕ್ಕೆ ಇಳಿಸಿ, ಅದರಲ್ಲಿ ಕಡಲೆಬೀಜ ಇದೆಯೆಂದು ಚೀಟಿ ಬರೆದಿಡಿ. ಕಡಲೆಬೀಜ ತಿಂದರೆ ಜೀವಕ್ಕೇ ಕುತ್ತಾಗುವ ಜನ ಅಲ್ಲಿ ಇದ್ದಾರೆ. ಬಡಿಸುವಾಗ ಎರಡು ಸಲ ಬೇಡವೆಂದು, ಮೂರನೆಯ ಸಲ ಒಪ್ಪುವ ನಮ್ಮ ಸಂಕೋಚವನ್ನು ಅಲ್ಲಿ ತೋರಿಸಿದರೆ ಹಸಿದೇ ಏಳಬೇಕಾದೀತು. ಬೇಡ ಎಂದರೆ ಬೇಡ ಎಂದೇ ತಿಳಿಯುತ್ತಾರೆ. ಮಿನ್ನೆಸೋಟದ ಹಳಬರಲ್ಲಿ ಮಾತ್ರ ನಮ್ಮ ಹಾಗೆಯೇ ಮೂರು ಸಲ ಉಪಚಾರ ಮಾಡಿಸಿಕೊಳ್ಳುವ ವಾಡಿಕೆ ಇದೆಯಂತೆ. ಹೊರಡುತ್ತೇನೆಂದು ಎದ್ದು ಬಾಗಿಲಲ್ಲಿ ಅರ್ಧ ಗಂಟೆ, ಕಾರಿನ ಬಳಿ ಕಾಲು ಗಂಟೆ ಮಾತನಾಡುವುದರಲ್ಲಂತೂ ಅವರೂ ನಾವೂ ಒಂದೇ. ಕಾಫಿಯ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ದೊಡ್ಡ ಲೋಟದಲ್ಲಿ ನೀರಾಗಿ ಬರುತ್ತದೆ. ತೋಟದ ಮಕ್ಕಳು ಮನೆಯಿಂದ ಪುಡಿ ಒಯ್ಯುತ್ತಾರೆ.

ತರಗತಿಯಲ್ಲಿ ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯುವ ಸಹಪಾಠಿಗಳನ್ನು ಕಂಡು ಗಾಬರಿಯಾಗಬೇಡಿ. ಅವರೇ ಹಾಗೆ ಕರೆಯಲು ಹೇಳುವವರೆಗೆ ನೀವು ಪ್ರೊಫೆಸರ್ ಎನ್ನಿ, ಸಾಕು. ಇದಕ್ಕಿಂತ ಬಹಳ ಗಂಭೀರವಾದುದು ನಕಲಿನ ಪ್ರಶ್ನೆ. ಗೈಡಿನ ಉತ್ತರವನ್ನು ಅಕ್ಷರ ಬಿಡದೆ ಬರೆದರೆ ಇಲ್ಲಿ ಅಂಕ ಬರುತ್ತದೆ. ಅಲ್ಲಿ ಇನ್ನೊಬ್ಬರ ನಾಲ್ಕು ಸಾಲನ್ನು ಅವರ ಹೆಸರು ಹೇಳದೆ ಬಳಸಿದರೆ ಅದು ಕಳವು. ವಿಶ್ವವಿದ್ಯಾಲಯದಿಂದ ಹೊರಹಾಕುವವರೆಗೂ ಹೋಗಬಹುದು, ಅದರ ಹಿಂದೆಯೇ ವೀಸಾ ಹೋಗಬಹುದು. ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಪಾಠ ನಡೆಯುವ ತಿಂಗಳುಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬುದೂ ನೆನಪಿರಲಿ. ಸಾಲ ತೀರಿಸುವ ಆತುರದಲ್ಲಿ ಈ ಗೆರೆ ದಾಟಲು ಹೇಳಿಕೊಡುವವರು ನಮ್ಮವರಲ್ಲೇ ಸಿಗುತ್ತಾರೆ.

ಊಟ, ಬಟ್ಟೆ, ಭಾಷೆ ಇವೆಲ್ಲಕ್ಕಿಂತ ಕಷ್ಟವಾದದ್ದು ಸಂಜೆ. ಡಿಸೆಂಬರ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಹಿಮ ಬಿದ್ದ ರಾತ್ರಿಗಳಲ್ಲಿ ಜೀರುಂಡೆಯ ಸದ್ದೂ ಇಲ್ಲ. ಮೊದಲ ಚಳಿಗಾಲದಲ್ಲಿ ಊರಿನ ಹುಡುಗರ ಜೊತೆ ಕೋಣೆ ಸೇರಿ, ಅನ್ನ ಸಾರು ಮಾಡಿಕೊಂಡು, ತರಗತಿಗೆ ಮಾತ್ರ ಹೊರಬಂದು ದಿನ ತಳ್ಳುವುದು ಸುಲಭ. ಫೆಬ್ರವರಿಯ ಹೊತ್ತಿಗೆ ನಿದ್ದೆ ಕೆಡುತ್ತದೆ, ತರಗತಿ ತಪ್ಪುತ್ತದೆ, ಅಂಕ ಇಳಿಯುತ್ತದೆ. ತೋಟ ಒತ್ತೆಯಿಟ್ಟು ಕಳುಹಿಸಿದ ಅಪ್ಪನಿಗೆ ಇದನ್ನು ಹೇಗೆ ಹೇಳುವುದೆಂದು ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತಾರೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳುವುದಕ್ಕೆಂದೇ ಸಲಹೆಗಾರರಿರುತ್ತಾರೆ. ಅವರ ಬಳಿಗೆ ಹೋಗುವುದು ಜ್ವರಕ್ಕೆ ಮೂಡಿಗೆರೆಯ ಆಸ್ಪತ್ರೆಗೆ ಹೋದಷ್ಟೇ ಸಹಜ. ಹುಚ್ಚೆಂದು ಯಾರೂ ಅನ್ನುವುದಿಲ್ಲ.

ಕನ್ನಡ ಮಾತಾಡಬೇಕೆನಿಸಿದರೆ ಷಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟವಿದೆ, ಡೆಟ್ರಾಯಿಟ್ ಸೀಮೆಯಲ್ಲಿ ಪಂಪ ಕನ್ನಡ ಕೂಟವಿದೆ. ಅಮೆರಿಕದ ಕನ್ನಡ ಕೂಟಗಳ ಆಗರವಾದ ಅಕ್ಕ, ತನ್ನ ವಿಶ್ವ ಕನ್ನಡ ಸಮ್ಮೇಳನವನ್ನು 2002ರಲ್ಲಿ ಡೆಟ್ರಾಯಿಟ್‌ನಲ್ಲಿ, 2008ರಲ್ಲಿ ಷಿಕಾಗೊದಲ್ಲಿ ನಡೆಸಿತು. ಹೋಗಿ, ಹಬ್ಬದೂಟ ಉಣ್ಣಿ. ಆದರೆ "ಯಾವ ಊರು, ಯಾರ ಮನೆಯವರು" ಎಂದು ಆರಂಭಿಸಿ ಜಾತಿಗೆ ಬಂದು ನಿಲ್ಲುವ ನಮ್ಮ ಪ್ರಶ್ನೆಯನ್ನು ವಿಮಾನ ಹತ್ತಿಸಬೇಡಿ. ವಯಸ್ಸು, ಸಂಬಳ, ಮದುವೆ ಯಾವಾಗ ಎಂಬ ಪ್ರಶ್ನೆಗಳೂ ಅಲ್ಲಿ ಒರಟೆನಿಸುತ್ತವೆ.

ಹೊಂದಿಕೊಳ್ಳುವುದೆಂದರೆ ತನ್ನದನ್ನು ಬಿಡುವುದೆಂದು ಅಂಜುವವರು ಎ.ಕೆ. ರಾಮಾನುಜನ್ ಅವರನ್ನು ನೆನೆಯಬಹುದು. ಮೈಸೂರಿನಲ್ಲಿ ಹುಟ್ಟಿದ ಅವರು 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಕ್ಕೆ ಹೋದರು. 1963ರಲ್ಲಿ ಅಲ್ಲಿ ಭಾಷಾಶಾಸ್ತ್ರದ ಡಾಕ್ಟರೇಟ್ ಪಡೆದರು. 1993ರಲ್ಲಿ ತೀರಿಕೊಳ್ಳುವವರೆಗೂ ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದರು. ಮೂವತ್ತು ಚಳಿಗಾಲಗಳನ್ನು ಮೀರಿದ ಆ ಬದುಕಿನ ನಡುವೆ, 1969ರಲ್ಲಿ, ಅವರ ಕನ್ನಡ ಕವನ ಸಂಗ್ರಹ 'ಹೊಕ್ಕುಳಲ್ಲಿ ಹೂವಿಲ್ಲ' ಬಂದಿತು. 1973ರಲ್ಲಿ ಅವರ ಇಂಗ್ಲಿಷ್ ಅನುವಾದದಲ್ಲಿ ವಚನಗಳು ಲೋಕದ ಓದುಗರಿಗೆ ದೊರೆತವು.

ಹೊರಡುವ ಮುನ್ನ ಮಾಡಬಹುದಾದ ಒಂದು ಕೆಲಸ ನಿಮ್ಮ ಊರಿನಲ್ಲೇ ಇದೆ. ಕಾಫಿ ತೋಟಗಳ ಲೈನ್ ಮನೆಗಳಿಗೆ ಹಿಂದೆ ಘಟ್ಟದ ಕೆಳಗಿನಿಂದ ತುಳು ಮಾತಿನವರು, ತೆಂಕಣದಿಂದ ತಮಿಳರು ಮೇಸ್ತ್ರಿಗಳ ಜೊತೆ ಬಂದರು. ಈಗ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ನಿಂದ ಬರುತ್ತಿದ್ದಾರೆ. ಸಂತೆಯ ದಿನ ಅವರಲ್ಲಿ ಒಬ್ಬರನ್ನು ಮಾತಿಗೆಳೆಯಿರಿ. ಮೊದಲ ಮಳೆಗಾಲ ಹೇಗಿತ್ತು, ಇಂಬಳಕ್ಕೆ ಏನು ಹಚ್ಚಬೇಕೆಂದು ಯಾರು ಹೇಳಿಕೊಟ್ಟರು, ಊರಿನ ಯಾವ ಅಂಗಡಿಯಲ್ಲಿ ನಗುಮುಖ ಕಂಡರು, ಎಲ್ಲಿ ಕಾಣಲಿಲ್ಲ ಎಂದು ಕೇಳಿ. ಇನ್ನು ಕೆಲವು ತಿಂಗಳಲ್ಲಿ ಆ ಸಾಲಿನಲ್ಲಿ ನಿಲ್ಲುವವರು ನೀವು.

ಮನೆಗೆ ಫೋನ್ ಮಾಡುವ ಹೊತ್ತನ್ನೂ ಗೊತ್ತುಮಾಡಿಕೊಂಡು ಹೋಗಿ. ಚಳಿಗಾಲದಲ್ಲಿ ಷಿಕಾಗೊದಲ್ಲಿ ರಾತ್ರಿ 9 ಆದಾಗ ಬಾಳೂರಿನಲ್ಲಿ ಮರುದಿನ ಬೆಳಿಗ್ಗೆ 8:30. ಅಪ್ಪ ತೋಟಕ್ಕೆ ಹೊರಟಿರುತ್ತಾರೆ. ಮಾರ್ಚ್‌ನ ಎರಡನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ಅದೇ 9 ಗಂಟೆಗೆ ಇಲ್ಲಿ 7:30, ಅಪ್ಪ ಇನ್ನೂ ಜಗಲಿಯಲ್ಲಿ ಕಾಫಿ ಕುಡಿಯುತ್ತಿರುತ್ತಾರೆ. ಹೂಮಳೆ ಬಿತ್ತೇ ಎಂದು ಕೇಳಲು ಸರಿಯಾದ ಹೊತ್ತು.