ವಾಲಿಯ ಪ್ರಶ್ನೆಯೂ ನಮ್ಮ ಮಕ್ಕಳ ಉತ್ತರಪತ್ರಿಕೆಯೂ

ಪರೀಕ್ಷೆಯ ದಿನಗಳು ಸಮೀಪಿಸಿದೊಡನೆ ನಮ್ಮ ಮನೆಗಳಲ್ಲಿ ಒಂದು ಬಗೆಯ ಪ್ರಶ್ನೆ ಕೇಳಿಬರತೊಡಗುತ್ತದೆ: ಇಂಥವನ ಪಾತ್ರವನ್ನು ಚಿತ್ರಿಸಿರಿ, ಇಂಥವಳ ಸ್ವಭಾವವನ್ನು ವಿವೇಚಿಸಿರಿ. ಮಾರ್ಗದರ್ಶಿ ಪುಸ್ತಕದಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ಶೂರ, ಉದಾರಿ, ಸತ್ಯಸಂಧ, ಆದರೆ ಮುಂಗೋಪಿ. ಈ ನಾಲ್ಕು ವಿಶೇಷಣಗಳನ್ನು ಕರ್ಣನಿಗೂ ತೊಡಿಸಬಹುದು, ಭೀಮನಿಗೂ ತೊಡಿಸಬಹುದು. ಅಂಗಡಿಯ ರೆಡಿಮೇಡ್ ಅಂಗಿಯಂತೆ ಎಲ್ಲರಿಗೂ ಹೇಗೋ ಒಪ್ಪುತ್ತದೆ. ಹುಡುಗ ಅದನ್ನು ಬಾಯಿಪಾಠ ಮಾಡುತ್ತಾನೆ, ಅಂಕಗಳೂ ಬರುತ್ತವೆ. ಕರ್ಣ ಯಾರೆಂಬುದು ಮಾತ್ರ ಅವನಿಗೆ ತಿಳಿಯದೆ ಹೋಗುತ್ತದೆ.

ಈ ಕಾಲದ ಮುಂಬಯಿಯಲ್ಲಿ ನಮ್ಮ ಮಕ್ಕಳಲ್ಲಿ ಬಹುಮಂದಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವವರು. ಅವರ ಮುಂದಿರುವುದು ಕರ್ಣನಿಗಿಂತ ಹೆಚ್ಚಾಗಿ ಶೇಕ್ಸ್‌ಪಿಯರನ ಬ್ರೂಟಸ್, ಶೈಲಾಕ್. ಮನೆಯಲ್ಲಿರುವ ಅಜ್ಜ ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಮೊಮ್ಮಗಳು ಪುಸ್ತಕ ಬಿಡಿಸಿದಾಗ, "ಅದೆಲ್ಲ ನಮಗೆ ಗೊತ್ತಾಗುವುದಿಲ್ಲ ಮಗೂ, ಟ್ಯೂಷನ್ನಿನವರನ್ನು ಕೇಳು" ಎಂದು ಪಕ್ಕಕ್ಕೆ ಸರಿಯುತ್ತಾರೆ. ಇದು ನಮಗೆ ಸರಿಕಾಣುವುದಿಲ್ಲ. ಪಾತ್ರವಿಮರ್ಶೆಯೆಂಬ ವಿದ್ಯೆ ಆ ಅಜ್ಜನಿಗೆ ಟ್ಯೂಷನ್ನಿನವರಿಗಿಂತ ಚೆನ್ನಾಗಿ ಗೊತ್ತಿರುವ ಸಂಭವವುಂಟು. ಅವರು ಅದನ್ನು ಕಲಿತದ್ದು ಶಾಲೆಯಲ್ಲಲ್ಲ, ತಾಳಮದ್ದಳೆಯಲ್ಲಿ.

ತಾಳಮದ್ದಳೆಯೆಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯದ ಆಧಾರದ ಮೇಲೆ ತಮ್ಮ ತಮ್ಮ ಪಾತ್ರದ ಪರವಾಗಿ ಸ್ಥಳದಲ್ಲಿಯೇ ಮಾತು ಹೆಣೆಯುತ್ತಾರೆ. ಬರೆದಿಟ್ಟ ಸಂಭಾಷಣೆಯಿಲ್ಲ. ಊರಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲಿನ ಮಳೆಗಾಲ ಇದರ ಕಾಲ. ಅದೇ ದಿನಗಳಲ್ಲಿ ಕಲಾವಿದರು ಮುಂಬಯಿಗೂ ಬರುತ್ತಾರೆ. ಲೋಕಲ್ ಗಾಡಿಗಳು ನೀರಿನಲ್ಲಿ ನಿಂತರೂ ಸಭಾಗೃಹ ತುಂಬುತ್ತದೆ. ನಮ್ಮಲ್ಲಿ ಅನೇಕರ ಮನೆಮಾತು ತುಳು ಅಥವಾ ಕೊಂಕಣಿ. ಅಂಥವರಿಗೆ ಪ್ರೌಢವಾದ ಕನ್ನಡ ಕಿವಿಗೆ ಬಿದ್ದದ್ದೇ ಇಲ್ಲಿ.

ವಾಲಿಯ ಪ್ರಸಂಗವನ್ನೇ ನೋಡೋಣ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದಲ್ಲಿ ಹದಿನೇಳನೆಯ ಸರ್ಗ ವಾಲಿಯ ಆರೋಪ, ಹದಿನೆಂಟನೆಯದು ರಾಮನ ಉತ್ತರ. ಬಾಣ ನೆಟ್ಟು ಬಿದ್ದಿರುವ ವಾಲಿ ಕೇಳುತ್ತಾನೆ: ನಾನು ಬೇರೊಬ್ಬನೊಡನೆ ಹೋರಾಡುತ್ತಿದ್ದಾಗ ಎದುರಿಗೆ ಬಾರದೆ ಹೊಡೆದೆಯಲ್ಲ, ನಿನ್ನ ರಾಜ್ಯಕ್ಕೆ ನಾನೇನು ಕೇಡು ಮಾಡಿದ್ದೆ? ನನ್ನ ಚರ್ಮವಾಗಲಿ ಮಾಂಸವಾಗಲಿ ಸಜ್ಜನರ ಉಪಯೋಗಕ್ಕೆ ಬಾರದು. ಸೀತೆಗಾಗಿಯೇ ಇದೆಲ್ಲ ಎಂದಾದರೆ, ನನಗೇ ಹೇಳಿದ್ದರೆ ಒಂದೇ ದಿನದಲ್ಲಿ ಅವಳನ್ನು ತಂದೊಪ್ಪಿಸುತ್ತಿದ್ದೆ, ರಾವಣನ ಕೊರಳಿಗೆ ಹಗ್ಗ ಬಿಗಿದು ತರುತ್ತಿದ್ದೆ. ಈ ಕೊನೆಯ ಮಾತು ಬಹಳ ಹರಿತವಾದದ್ದು. ಸುಗ್ರೀವನ ಸ್ನೇಹ ರಾಮನಿಗೆ ಅಗತ್ಯವಾಗಿತ್ತೇ ಎಂಬ ಬುಡವನ್ನೇ ಅದು ಅಲುಗಿಸುತ್ತದೆ.

ರಾಮನ ಉತ್ತರವೂ ಸುಲಭವಾಗಿ ತಳ್ಳುವಂಥದ್ದಲ್ಲ. ಈ ಭೂಮಿ ಇಕ್ಷ್ವಾಕುಗಳದು, ಭರತನ ಆಜ್ಞೆಯಿಂದ ಧರ್ಮವನ್ನು ಕಾಯುವವರು ನಾವು. ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ. ಸುಗ್ರೀವನಿಗೆ ನಾನು ಮಾತು ಕೊಟ್ಟಿದ್ದೆ. ಇಷ್ಟರವರೆಗೆ ನ್ಯಾಯಾಧೀಶನ ಮಾತು. ಆ ಮೇಲೆ, ನೀನು ಮೃಗ, ಬೇಟೆಯಾಡುವವನು ಮರೆಯಲ್ಲಿ ನಿಂತು ಹೊಡೆದರೆ ತಪ್ಪಿಲ್ಲ ಎಂಬ ಇನ್ನೊಂದು ಮಾತೂ ಬರುತ್ತದೆ. ಇಲ್ಲಿಯೇ ಜಾಣ ಅರ್ಥಧಾರಿ ವಾಲಿಯ ಪರವಾಗಿ ಹಿಡಿಯುತ್ತಾನೆ. ನಾನು ಮೃಗವಾದರೆ ಪರಸ್ತ್ರೀಯ ಧರ್ಮ ನನಗೆಲ್ಲಿಯದು? ಧರ್ಮಕ್ಕೆ ಒಳಪಟ್ಟವನಾದರೆ ಬೇಟೆಯ ನಿಯಮ ನನಗೇಕೆ? ಎರಡರಲ್ಲಿ ಒಂದನ್ನು ಆರಿಸಿಕೋ! ಸಭೆ ನಿಶ್ಶಬ್ದವಾಗುತ್ತದೆ. ಚಹಾ ತರುವವನೂ ಬಾಗಿಲಲ್ಲಿ ನಿಲ್ಲುತ್ತಾನೆ.

ಇನ್ನು ರಾಮನ ಅರ್ಥಧಾರಿ ಏನಾದರೂ ಹೇಳಲೇಬೇಕು. "ರಾಮ ಸತ್ಯಸಂಧ, ಪಿತೃವಾಕ್ಯಪರಿಪಾಲಕ" ಎಂಬ ಪಟ್ಟಿ ಆ ಹೊತ್ತಿಗೆ ಉಪಯೋಗಕ್ಕೆ ಬಾರದು. ಆದರೆ ಎಷ್ಟೇ ವಾದಿಸಿದರೂ ಪದ್ಯದ ಕಟ್ಟು ತಪ್ಪುವಂತಿಲ್ಲ. ವಾಲಿ ಸಾಯಲೇಬೇಕು, ಸಾಯುವ ಮೊದಲು ರಾಮನ ಮಾತನ್ನೊಪ್ಪಿ ಮಗ ಅಂಗದನನ್ನು ಅವನ ಕೈಗೆ ಒಪ್ಪಿಸಲೇಬೇಕು. ಇಷ್ಟು ಬಲವಾಗಿ ವಾದಿಸಿದವನು ಏಕೆ ಮಣಿದ? ತರ್ಕಕ್ಕೆ ಸೋತನೇ, ಮಗನ ಭವಿಷ್ಯಕ್ಕೆ ಹೆದರಿದನೇ, ತನ್ನ ತಪ್ಪು ತನಗೇ ಕಂಡಿತೇ? ಕವಿ ಕೊಟ್ಟ ಕಥೆಯೊಳಗೇ ಇದಕ್ಕೆ ಉತ್ತರ ಹುಡುಕಬೇಕು. ಪರೀಕ್ಷಕರು "ಪಠ್ಯದ ಆಧಾರದಿಂದ ಸಮರ್ಥಿಸಿರಿ" ಎನ್ನುವುದು ಇದಕ್ಕೇ. (ಕೆಲವು ಅರ್ಥಧಾರಿಗಳು ಮಾತಿನ ಚಮತ್ಕಾರಕ್ಕೆ ಮರುಳಾಗಿ ಒಂದು ಶಬ್ದದ ಸುತ್ತಲೇ ತಾಸುಗಟ್ಟಲೆ ಅಲೆಯುವುದುಂಟು. ಉತ್ತರಪತ್ರಿಕೆಯಲ್ಲಿ ಹಾಗೆ ಮಾಡಿದರೆ ಸೊನ್ನೆಯೇ ಗತಿ.)

ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹೆಸರಾದದ್ದು ಯಾವ ಪಾತ್ರಗಳಿಂದ? ವಾಲಿ, ರಾವಣ, ಮಾಗಧ, ಕೌರವ. ಎಲ್ಲರೂ ಸೋತವರೇ. ಸೋತವನ ಬಾಯಲ್ಲಿ ನ್ಯಾಯದ ಮಾತಿರಬಹುದೆಂದು ಕೇಳುವ ತಾಳ್ಮೆ ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. ಕ್ರಿ. ಶ. 941ರ ಸುಮಾರಿಗೆ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ ಕಾವ್ಯ ಬರೆದ; ಆದರೂ ಅರ್ಜುನನ ವೈರಿಯಾದ ಕರ್ಣನ ಮೇಲಿನ ಅವನ ಅಭಿಮಾನ ಬಚ್ಚಿಡಲಾಗಲಿಲ್ಲ. ರನ್ನನಿಗೆ ದೊರೆ ಸತ್ಯಾಶ್ರಯನೇ ಭೀಮ. ಆದರೂ ಗದಾಯುದ್ಧವನ್ನು ಓದಿ ಮುಗಿಸಿದವರ ಕಣ್ಣಿನಲ್ಲಿ ನಿಲ್ಲುವವನು ದುರ್ಯೋಧನ. ಬಿ. ಎಂ. ಶ್ರೀಯವರು ಅದನ್ನೇ ದುರಂತನಾಟಕವಾಗಿ ಮಾರ್ಪಡಿಸಿದರು.

ಈಗ ಮೊಮ್ಮಗಳ ಪುಸ್ತಕಕ್ಕೆ ಬರೋಣ. 'ಜೂಲಿಯಸ್ ಸೀಸರ್' ನಾಟಕದಲ್ಲಿ ಸೀಸರನ ಕೊಲೆಯಾದ ಮೇಲೆ ಜನರ ಮುಂದೆ ಎರಡು ಭಾಷಣಗಳಿವೆ. ಬ್ರೂಟಸ್ ಗದ್ಯದಲ್ಲಿ ಕಾರಣ ಕೊಡುತ್ತಾನೆ; ಆಂಟನಿ ಪದ್ಯದಲ್ಲಿ ಕಣ್ಣೀರು ತರಿಸುತ್ತಾನೆ. ಎದುರುಬದುರಾಗಿ ಕುಳಿತ ಇಬ್ಬರು ಅರ್ಥಧಾರಿಗಳಲ್ಲದೆ ಇವರು ಮತ್ತೇನು? ಶೈಲಾಕನು ತನ್ನ ಜನ ಉಂಡ ಅವಮಾನವನ್ನು ಎಣಿಸಿ, ನಾವೂ ಮನುಷ್ಯರಲ್ಲವೇ ಎಂದು ಕೇಳುವಾಗ ವಾಲಿಯನ್ನು ಕೇಳಿದ ಅಜ್ಜನಿಗೆ ಹೊಸದೇನೂ ಅನ್ನಿಸದು. ಇಂಗ್ಲಿಷ್ ಬಾರದಿದ್ದರೂ ಅವರು ಮೊಮ್ಮಗಳಿಗೆ ಹೇಳಬಹುದು: "ನೀನು ಶೈಲಾಕನಾಗು, ನಾನು ಎದುರಿನವನಾಗುತ್ತೇನೆ. ನನ್ನನ್ನು ಸೋಲಿಸು ನೋಡೋಣ." ಅರ್ಧ ತಾಸಿನ ಮೇಲೆ ಪಾತ್ರ ಬದಲಾಯಿಸಬೇಕು. ಮೊದಲು ತಾನೇ ಹೂಡಿದ ವಾದಕ್ಕೆ ತಾನೇ ಉತ್ತರ ಕೊಡುವಾಗ ಹುಡುಗಿ ತಡವರಿಸುತ್ತಾಳೆ, ಪುಸ್ತಕವನ್ನು ತಾನಾಗಿಯೇ ಮತ್ತೆ ತೆರೆಯುತ್ತಾಳೆ.

ನಮ್ಮ ಶಹರದ ಪಾತ್ರಗಳನ್ನೂ ಬಿಡಬೇಕಾಗಿಲ್ಲ. ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ರಸಾಯನ ಉದ್ಯಮದಲ್ಲಿ ದುಡಿದ ಯಶವಂತ ಚಿತ್ತಾಲರ (1928–2014) 'ಶಿಕಾರಿ' ಪ್ರಕಟವಾದದ್ದು 1979ರಲ್ಲಿ. ಅದರ ನಾಗಪ್ಪ ಒಂದು ಕಂಪನಿಯ ದೊಡ್ಡ ಅಧಿಕಾರಿ. ಒಂದು ದಿನ ಏಕಾಏಕಿ ಕೆಲಸದಿಂದ ಅಮಾನತಾಗುತ್ತಾನೆ. ತನ್ನನ್ನು ಬೇಟೆಯಾಡುವವರು ಯಾರೆಂದು ಅವನು ಹುಡುಕತೊಡಗುತ್ತಾನೆ. ಎಲ್ಲವೂ ನಾಗಪ್ಪನ ಮನಸ್ಸಿನ ಮೂಲಕವೇ ಬರುವುದರಿಂದ ಅವನ ಎದುರಾಳಿಗಳಿಗೆ ತಮ್ಮ ಅರ್ಥ ಹೇಳುವ ಅವಕಾಶವೇ ಇಲ್ಲ. ಅವರ ಪರವಾಗಿ ಯಾರಾದರೂ ಮಾತಾಡಿದರೆ ಏನಾದೀತು? ಕಲೀನಾದಲ್ಲಿರುವ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೂ, ಆಫೀಸಿನಿಂದ ಕೊನೆಯ ಗಾಡಿಯಲ್ಲಿ ಡೊಂಬಿವಲಿಗೆ ಮರಳುವ ಅಪ್ಪಂದಿರಿಗೂ ಇದು ಒಳ್ಳೆಯ ಪ್ರಶ್ನೆ.

ಬರುವ ಮಳೆಗಾಲದಲ್ಲಿ ತಾಳಮದ್ದಳೆಯಿದ್ದಾಗ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂಡಿಸಿರಿ. ಶಬ್ದಗಳು ಅರ್ಧ ತಿಳಿಯದಿದ್ದರೂ ಚಿಂತೆಯಿಲ್ಲ. ಯಾರು ಗೆದ್ದರೆಂದು ಹಿಂದಿರುಗುವ ಗಾಡಿಯಲ್ಲಿ ಕೇಳಿ ನೋಡಿರಿ. ರಾಮ ಎಂದರೆ ವಾಲಿಯ ಪರವಾಗಿ ನೀವು ನಿಲ್ಲಿರಿ.