ಅತಿಥಿಯಲ್ಲ, ಮನೆಯ ಮಗು

ಊರು ಶಿರಸಿ. ಕೆಲಸ ಕೊಚ್ಚಿಯ ಎಡಪ್ಪಳ್ಳಿಯ ಪುಟ್ಟ ಪ್ಲೇ ಸ್ಕೂಲಿನಲ್ಲಿ ಟೀಚರ್. ರಾಷ್ಟ್ರೀಯ ಹೆದ್ದಾರಿ 66 ಮತ್ತು 544 ಕೂಡುವ ಈ ಜಾಗಕ್ಕೆ ದುಡಿಮೆ ಹುಡುಕಿಕೊಂಡು ಬರುವವರು ಬಹಳ. ಕಟ್ಟಡ ಕೆಲಸದ ಒಡಿಶಾದವರು, ಹೋಟೆಲ್ ಅಡುಗೆಮನೆಯ ಬಂಗಾಳದವರು, ನಮ್ಮ ಕಲಬುರಗಿ ಕಡೆಯವರು, ಎಲ್ಲರ ಮಕ್ಕಳೂ ನಮ್ಮಲ್ಲಿ ಒಂದೇ ಚಾಪೆಯ ಮೇಲೆ ಕೂರುತ್ತಾರೆ.

ಇಂಥವರನ್ನು ಕೇರಳ ಸರ್ಕಾರ ‘ಅತಿಥಿ ತೊಳಿಲಾಳಿ’ ಎನ್ನುತ್ತದೆ. ಅಂದರೆ ಅತಿಥಿ ಕಾರ್ಮಿಕ. ಪದದಲ್ಲಿ ಗೌರವವಿದೆ. ಆದರೆ ಮೂರು ವರ್ಷದ ಮಗುವಿಗೆ ಅತಿಥಿಯ ಸ್ಥಾನ ಸಾಲದು. ಅತಿಥಿ ಸಂಕೋಚದಿಂದ ಕೂರುತ್ತಾನೆ, ಕೊಟ್ಟದ್ದನ್ನು ತಿನ್ನುತ್ತಾನೆ, ಬಾಯಾರಿದರೂ ಕೇಳುವುದಿಲ್ಲ. ಮನೆಯ ಮಗು ಹಾಗಲ್ಲ. ಹಟ ಮಾಡಿ ಕೇಳುತ್ತದೆ. ನಮ್ಮ ತರಗತಿಗೆ ಬೇಕಿರುವುದು ಆ ಹಟ.

ಕೇಳಲು ಮಾತು ಬೇಕಲ್ಲ? ಒಡಿಶಾದ ಹುಡುಗನೊಬ್ಬ ‘ಪಾಣಿ, ಪಾಣಿ’ ಎಂದು ಅಳುತ್ತಿದ್ದ. ಆಯಾ ಓಡಿಬಂದು ಅವನ ಹಣೆ ಮುಟ್ಟಿ ನೋಡಿದರು. ಮಲಯಾಳಂನಲ್ಲಿ ‘ಪನಿ’ ಎಂದರೆ ಜ್ವರ! ಅವನಿಗೆ ಬೇಕಿದ್ದದ್ದು ನೀರು. ಈಗ ಮಗು ಸೇರುವ ದಿನವೇ ತಾಯಿಯನ್ನು ಕೂರಿಸಿಕೊಂಡು ನೀರು, ಹಸಿವು, ಮೂತ್ರ, ನೋವು, ನಿದ್ದೆ, ಭಯ ಇವಕ್ಕೆ ಮನೆಯಲ್ಲಿ ಏನನ್ನುತ್ತೀರಿ ಎಂದು ಕೇಳುತ್ತೇವೆ. ಉತ್ತರವನ್ನು ಮಲಯಾಳಂ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ.

ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತಾಡದೇ ಇರಬಹುದು. ಆಗ ಅದು ಕೇಳಿಸಿಕೊಳ್ಳುತ್ತಿರುತ್ತದೆ. ಇದನ್ನರಿಯದವರು ‘ಮಗು ಮಂದ’ ಎಂದುಬಿಡುತ್ತಾರೆ. ಕಲಬುರಗಿಯ ತಾಯಿಯೊಬ್ಬರಿಗೆ ಹಿಂದಿನ ಶಾಲೆಯಲ್ಲಿ ಮನೆಯಲ್ಲೂ ಮಲಯಾಳಂ ಆಡಿ ಎಂದಿದ್ದರಂತೆ. ‘ಮೇಡಂ, ಮನ್ಯಾಗ ಕನ್ನಡ ಬಿಡಬೇಕೇನ್ರಿ?’ ಎಂದು ಕೇಳಿದರು. ಅವರಿಗೆ ಬರುವ ಮಲಯಾಳಂ ಹತ್ತಿಪ್ಪತ್ತು ಪದ. ಅಷ್ಟರಲ್ಲಿ ಕಥೆ ಹೇಳುವುದು ಹೇಗೆ, ಮುದ್ದು ಮಾಡುವುದು ಹೇಗೆ? ‘ಬಿಡಬೇಡಿ ಅಕ್ಕ, ಬೈಯುವುದಿದ್ದರೂ ಕನ್ನಡದಲ್ಲೇ ಬೈಯಿರಿ’ ಎಂದೆ.

ಒಂದು ದಿನ ಅವರನ್ನೇ ತರಗತಿಗೆ ಕರೆದೆವು. ಅವರು ಹಾಲು ಎಂದರೆ ಮಕ್ಕಳು ಪಾಲ್ ಎಂದರು. ಹಲ್ಲು ಎಂದರೆ ಪಲ್ಲ್, ಹೂವು ಎಂದರೆ ಪೂವ್. ನಮ್ಮ ‘ಹ’ ಇಲ್ಲಿ ‘ಪ’ ಎಂಬ ಗುಟ್ಟು ಮಕ್ಕಳಿಗೆ ಆಟವಾಯಿತು. ಅಲ್ಲಿಯವರೆಗೆ ತುಟಿ ಬಿಚ್ಚದ ಅವರ ಮಗಳು ಅಂದು ಎಲ್ಲರಿಗಿಂತ ಜೋರಾಗಿ ಕೂಗಿದಳು.

ಮನೆಮಾತೇ ಸೇತುವೆ ಎಂಬುದನ್ನು ಎರ್ನಾಕುಲಂ ಜಿಲ್ಲೆ ದೊಡ್ಡ ಮಟ್ಟದಲ್ಲೇ ಮಾಡಿ ನೋಡಿದೆ. 2017ರಲ್ಲಿ ಜಿಲ್ಲಾಡಳಿತ ‘ರೋಶ್ನಿ’ ಯೋಜನೆಯನ್ನು ಬಿನಾನಿಪುರಂ ಸರ್ಕಾರಿ ಶಾಲೆಯಲ್ಲಿ ಶುರುಮಾಡಿತು. ವಲಸೆ ಕಾರ್ಮಿಕರ ಮಕ್ಕಳ ಭಾಷೆ ಬಲ್ಲ ಸ್ವಯಂಸೇವಕರು ಶಾಲೆ ಶುರುವಾಗುವ ಮೊದಲೇ ಪಾಠ ಹೇಳುತ್ತಿದ್ದರು, ಜೊತೆಗೆ ತಿಂಡಿ. ಮಗುವಿನ ಭಾಷೆಯಲ್ಲಿ ಆರಂಭಿಸಿ, ನಡುನಡುವೆ ಮಲಯಾಳಂ ಬೆರೆಸುತ್ತಾ ಸಾಗುವ ವಿಧಾನ ಅದು. ಮುಂದೆ ಜಿಲ್ಲೆಯ ಬೇರೆ ಶಾಲೆಗಳಿಗೂ ಹಬ್ಬಿತು.

ಅಪ್ಪ ಅಮ್ಮಂದಿರನ್ನು ಮರೆತರೆ ಇದೆಲ್ಲ ಅರ್ಧ ಕೆಲಸ. ದಿನಗೂಲಿಯವರನ್ನು ಬೆಳಗ್ಗೆ ಹನ್ನೊಂದಕ್ಕೆ ಸಭೆಗೆ ಕರೆದರೆ ಅಂದಿನ ಕೂಲಿ ಹೋಯಿತು. ಅವರು ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ. ನಮ್ಮ ಸಭೆ ಭಾನುವಾರ ಸಂಜೆ. ಮಲಯಾಳಂ ಚೀಟಿಯ ಬದಲು ಹಿಂದಿಯಲ್ಲೋ ಬಂಗಾಳಿಯಲ್ಲೋ ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಕಳಿಸುತ್ತೇವೆ. ಮಗುವನ್ನೇ ದುಭಾಷಿ ಮಾಡುವುದಿಲ್ಲ.

1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ ಅಂಗನವಾಡಿ ಇಂದು ನಿಮ್ಮ ಬೀದಿಯಲ್ಲೂ ಇದೆ. ಬೆಂಗಳೂರಿನಲ್ಲಾದರೆ ಅಲ್ಲಿ ಬಿಹಾರದ, ಒಡಿಶಾದ ಮಗುವೂ ಇರಬಹುದು. ಅದಕ್ಕೆ ಕನ್ನಡ ಕಲಿಸೋಣ, ಖಂಡಿತ. ಅದಕ್ಕೂ ಮೊದಲು, ಅದರ ಬಾಯಲ್ಲಿ ನೀರಿಗೆ ಏನನ್ನುತ್ತಾರೆಂದು ನಾವು ಕಲಿಯೋಣ.