ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ತವರಿನ ಪ್ರಯಾಣ: ಟಿಕೆಟ್‌ಗೆ ಮುನ್ನ ತಿಳಿಯಬೇಕಾದ್ದು

ಬೆಂಗಳೂರು: ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಿಗೆ ವಿದೇಶದಿಂದ ಬರುವ ಹೆಣ್ಣುಮಕ್ಕಳೆಲ್ಲ ಹಬ್ಬಕ್ಕೋ ಮದುವೆಗೋ ಬರುವವರಲ್ಲ. ಬಹುಕಾಲ ಮುಂದೂಡಿದ ಶಸ್ತ್ರಚಿಕಿತ್ಸೆಯನ್ನು ತವರಿನಲ್ಲಿ ಮಾಡಿಸಿಕೊಳ್ಳಲು ಬರುವವರೂ ಇದ್ದಾರೆ. ಅಮೆರಿಕದಲ್ಲಿ ವೆಚ್ಚ ದುಬಾರಿ, ಬ್ರಿಟನ್ನಿನಲ್ಲಿ ಸರದಿ ದೀರ್ಘ; ಇಲ್ಲಿಯಾದರೆ ಆರೈಕೆಗೆ ತಾಯಿ ಇರುತ್ತಾರೆ, ವೈದ್ಯರೊಂದಿಗೆ ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ರಜೆಯ ಲೆಕ್ಕವೂ ದೇಹ ಮಾಯುವ ಲೆಕ್ಕವೂ ಒಂದೇ ಅಲ್ಲ.

ಹೊಟ್ಟೆ ಕೊಯ್ಯದ ವಿಧಾನ

ಗರ್ಭಕೋಶವನ್ನು ಹೊಟ್ಟೆ ಕೊಯ್ದು, ಲ್ಯಾಪರೊಸ್ಕೋಪಿ ಮೂಲಕ ಅಥವಾ ಯೋನಿಮಾರ್ಗದ ಮೂಲಕ ತೆಗೆಯಬಹುದು. ಮೂರನೆಯದರಲ್ಲಿ ಹೊಟ್ಟೆಯ ಮೇಲೆ ಗಾಯವಿರುವುದಿಲ್ಲ, ಚೇತರಿಕೆಯೂ ಬೇಗ. ಸಾಧ್ಯವಿರುವೆಡೆಯೆಲ್ಲ ಈ ಮಾರ್ಗವನ್ನೇ ಆರಿಸಬೇಕೆಂದು ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಸ್ಥೆ 2017ರಲ್ಲಿ ಸೂಚಿಸಿದೆ. ಗರ್ಭಕೋಶ ಜಾರಿದವರಿಗೆ ಇದು ಬಹುಕಾಲದಿಂದ ರೂಢಿಯಲ್ಲಿರುವ ವಿಧಾನ. ಜಾರದಿದ್ದರೂ ನುರಿತ ತಜ್ಞರು ಇದನ್ನು ಮಾಡಬಲ್ಲರು. ಗೆಡ್ಡೆಗಳಿಂದ ಗರ್ಭಕೋಶ ತೀರಾ ದೊಡ್ಡದಾಗಿದ್ದರೆ, ಒಳಗೆ ಅಂಟಿಕೆಗಳಿದ್ದರೆ ಅಥವಾ ಕ್ಯಾನ್ಸರ್ ಶಂಕೆಯಿದ್ದರೆ ಬೇರೆ ಮಾರ್ಗವೇ ಲೇಸು. ಸ್ವತಃ ಪರೀಕ್ಷಿಸದೆ, ಫೋನಿನಲ್ಲಿ ಇದನ್ನು ನಿರ್ಧರಿಸಲಾಗದು.

ಅಗತ್ಯವಿದೆಯೇ?

ಅತಿಯಾದ ರಕ್ತಸ್ರಾವಕ್ಕೆ ಔಷಧ ಅಥವಾ ಹಾರ್ಮೋನ್ ಇರುವ ವಂಕಿ, ಗೆಡ್ಡೆಗಳಿಗೆ ಅವನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ, ಜಾರುವಿಕೆಗೆ ವ್ಯಾಯಾಮ ಅಥವಾ ರಿಂಗ್ ಹಲವರಿಗೆ ಸಾಕಾಗುತ್ತವೆ. ಕಲಬುರಗಿ ಜಿಲ್ಲೆಯಲ್ಲಿ ಬಡ ಮಹಿಳೆಯರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆದ ಆರೋಪ 2015ರಲ್ಲಿ ರಾಜ್ಯವನ್ನೇ ಕಲಕಿತ್ತು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು. ವಿದೇಶದಿಂದ ಬರುವವರಿಗೂ ಪಾಠ ಒಂದೇ: ರಜೆ ಮುಗಿಯುತ್ತದೆಂಬುದು ಗರ್ಭಕೋಶ ತೆಗೆಸಲು ಕಾರಣವಲ್ಲ. ತಾವಿರುವ ದೇಶದ ವೈದ್ಯರ ಅಭಿಪ್ರಾಯ, ಸ್ಕ್ಯಾನ್ ಹಾಗೂ ಬಯಾಪ್ಸಿ ವರದಿಗಳೊಂದಿಗೆ ಬಂದು ಇಲ್ಲಿ ಎರಡನೆಯ ಅಭಿಪ್ರಾಯ ಪಡೆಯುವುದು ಕ್ಷೇಮ. ಅಂಡಾಶಯಗಳನ್ನು ಉಳಿಸುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಬೇಕು. ಅವನ್ನೂ ತೆಗೆದರೆ ಮುಟ್ಟು ನಿಂತವರ ತೊಂದರೆಗಳು ಒಮ್ಮೆಲೇ ಎದುರಾಗುತ್ತವೆ.

ಹಿಂತಿರುಗುವುದು ಯಾವಾಗ?

ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ಸಲಹೆಯಂತೆ ಸರಳವಾದ ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ 4ರಿಂದ 5 ದಿನ, ತೊಡಕಿನದಾದರೆ 10 ದಿನ ವಿಮಾನ ಏರಬಾರದು. ಇದು ಕನಿಷ್ಠ ಮಿತಿಯೇ ಹೊರತು ಗುಣವಾದ ಲಕ್ಷಣವಲ್ಲ. ಪೂರ್ಣ ಚೇತರಿಕೆಗೆ ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಸೋಂಕು, ತಡವಾದ ರಕ್ತಸ್ರಾವ ಮುಂತಾದವು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ, ಎರಡನೆಯ ವಾರದಲ್ಲಿಯೂ ಕಾಣಿಸಿಕೊಳ್ಳಬಹುದು. ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದ್ದು, ತಾಸುಗಟ್ಟಲೆ ಕದಲದೆ ಕೂರುವ ಪ್ರಯಾಣ ಅದನ್ನು ಹೆಚ್ಚಿಸುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಆದ್ದರಿಂದ ಮೂರು ವಾರದ ರಜೆಯ ನಡುವಿನಲ್ಲಿ ಶಸ್ತ್ರಚಿಕಿತ್ಸೆ ತುರುಕುವುದು ಜಾಣತನವಲ್ಲ. ದಿನಾಂಕ ಬದಲಿಸಬಹುದಾದ ಟಿಕೆಟ್ ಕೊಳ್ಳುವುದು, ಹೊರಡುವ ಮುನ್ನ ವೈದ್ಯರಿಂದ ಪರೀಕ್ಷಿಸಿಕೊಳ್ಳುವುದು, ತೆಗೆದ ಗರ್ಭಕೋಶದ ಪ್ರಯೋಗಾಲಯ ವರದಿ ಕೈಸೇರುವವರೆಗೆ ಕಾಯುವುದು ಅಗತ್ಯ. ವಿರಳವಾಗಿಯಾದರೂ ಅನಿರೀಕ್ಷಿತ ಕ್ಯಾನ್ಸರ್ ಬಯಲಾಗುವುದು ಆ ವರದಿಯಲ್ಲೇ.

ಕಾಗದಪತ್ರಗಳು

ಓಸಿಐ ಕಾರ್ಡ್ ಉಳ್ಳವರಿಗೆ ವೀಸಾ ಬೇಕಿಲ್ಲ. ವಿದೇಶಿ ಪೌರತ್ವವಿದ್ದು ಓಸಿಐ ಇಲ್ಲದವರಿಗೆ ಇ-ಮೆಡಿಕಲ್ ವೀಸಾ ಸೌಲಭ್ಯವಿದ್ದು, ಜತೆಗೆ ಇಬ್ಬರು ಸಹಾಯಕರು ಬರಬಹುದು. ಪ್ರವಾಸ ವಿಮೆಯು ಸಾಮಾನ್ಯವಾಗಿ ಪೂರ್ವಯೋಜಿತ ಚಿಕಿತ್ಸೆಗೆ ಅನ್ವಯಿಸುವುದಿಲ್ಲ. ಶಸ್ತ್ರಚಿಕಿತ್ಸೆಯ ವಿವರ, ಬಿಡುಗಡೆ ಪತ್ರ ಹಾಗೂ ಔಷಧಗಳ ಮೂಲ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಬರೆಸಿಕೊಂಡು ಒಯ್ದರೆ, ಅಲ್ಲಿ ತೊಂದರೆಯಾದಾಗ ನೋಡುವ ವೈದ್ಯರಿಗೆ ದಾರಿ ತಿಳಿಯುತ್ತದೆ. ಕಾಲಿನಲ್ಲಿ ಊತ, ಉಸಿರಾಟದ ತೊಂದರೆ, ಜ್ವರ ಅಥವಾ ಹೆಚ್ಚಿನ ರಕ್ತಸ್ರಾವ ಕಂಡರೆ ಪ್ರಯಾಣ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು.